ರೇಡಿಯೇಟರಿನ ಮುಚ್ಚಳ



ಮೋಟಾರು ವಾಹನದ ಪ್ರಸ್ತಾಪ ಬಂದಾಗ ಜನರು ಸಾಮಾನ್ಯವಾಗಿ ಅದರ ವೇಗವನ್ನೋ ಬಲವನ್ನೋ ಕುರಿತು ಮಾತನಾಡುತ್ತಾರೆ. ನಾನಾದರೋ ಈ ಹೊತ್ತು ಅಂಗೈಯಲ್ಲಿ ಅಡಗತಕ್ಕ ಒಂದು ಸಣ್ಣ ವಸ್ತುವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ವ್ಯಾನಿನ ರೇಡಿಯೇಟರಿನ ಮುಚ್ಚಳ. ಹೆಸರು ಮುಚ್ಚಳವಾದುದರಿಂದ, ಡಬ್ಬಿಯ ಮುಚ್ಚಳದಂತೆ ನೀರು ತುಳುಕದ ಹಾಗೂ ಧೂಳು ಬೀಳದ ಹಾಗೂ ತಡೆಯುವುದೇ ಅದರ ಕೆಲಸವೆಂದು ಅನೇಕರು ಭಾವಿಸಿದ್ದಾರೆ. ಈ ಭಾವನೆಯಿಂದ ಇಂಜಿನುಗಳು ಕೆಡುವುದುಂಟು. ಮನುಷ್ಯರ ಮುಖವೂ ಕೈಯೂ ಬೇಯುವುದೂ ಉಂಟು. ವಾಸ್ತವವಾಗಿ ಅದು ಒತ್ತಡವನ್ನು ಆಳುವ ಒಂದು ಕವಾಟ.

ಇಂಜಿನಿನಲ್ಲಿ ಎಣ್ಣೆ ಉರಿದಾಗ ಹುಟ್ಟುವ ಶಾಖವೆಲ್ಲವೂ ಗಾಲಿಯನ್ನು ತಿರುಗಿಸುವುದಕ್ಕೆ ಒದಗುವುದಿಲ್ಲ. ಅದರಲ್ಲಿ ದೊಡ್ಡದೊಂದು ಪಾಲನ್ನು ಸಿಲಿಂಡರುಗಳ ಸುತ್ತಲೂ ಹರಿಯುವ ನೀರು ಹೊತ್ತು ತಂದು, ರೇಡಿಯೇಟರಿನ ಸಣ್ಣ ಕೊಳವೆಗಳ ಮೂಲಕ ಗಾಳಿಗೆ ಒಪ್ಪಿಸಬೇಕು. ನೀರು ನೀರಾಗಿಯೇ ಇರುವವರೆಗೆ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಕುದಿದು ಆವಿಯ ಗುಳ್ಳೆಗಳಾದರೆ, ಆ ಗುಳ್ಳೆಗಳು ಮುಟ್ಟಿದ ಲೋಹಕ್ಕೆ ತಂಪು ತಪ್ಪಿಹೋಗುತ್ತದೆ.

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುದೆಂದು ಎಲ್ಲರೂ ಬಲ್ಲರು. ಎತ್ತರಕ್ಕೆ ಹೋದಂತೆ ವಾಯುವಿನ ಒತ್ತಡ ಕಡಮೆಯಾಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಈ ಮಟ್ಟವೂ ಇಳಿಯುತ್ತದೆ. ಮೈಸೂರಿನಲ್ಲಿ ನೀರು 97 ಡಿಗ್ರಿ ದಾಟುವಷ್ಟರಲ್ಲಿಯೇ ಕುದಿಯುತ್ತದೆ; ಸುಮಾರು 2,240 ಮೀಟರು ಎತ್ತರದ ಉದಕಮಂಡಲದಲ್ಲಿ 93 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಇಂಜಿನಿನ ನೀರಾದರೋ ನೆಟ್ಟಗೆ ನಡೆಯುತ್ತಿರುವಾಗಲೂ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಹೀಗಿರಲಾಗಿ, ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವುಗಳನ್ನು ಹತ್ತುವ ವ್ಯಾನಿಗೆ ಎರಡು ಕಷ್ಟಗಳು ಒಟ್ಟಿಗೆ ಒದಗುತ್ತವೆ: ಇಂಜಿನು ಹೆಚ್ಚು ದುಡಿದು ಹೆಚ್ಚು ಕಾಯುತ್ತದೆ, ನೀರೋ ಕಡಮೆ ಶಾಖಕ್ಕೇ ಕುದಿಯಲು ಕಾದಿರುತ್ತದೆ.

ಇಲ್ಲಿ ಮುಚ್ಚಳ ನೆರವಿಗೆ ಬರುತ್ತದೆ. ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಒತ್ತಡವೇರಿದರೆ ನೀರು ಕುದಿಯುವ ಮಟ್ಟವೂ ಏರುತ್ತದೆ. 1679ರಲ್ಲಿ ಡೆನಿಸ್ ಪಪಾನ್ ಎಂಬ ಫ್ರೆಂಚ್ ವಿಜ್ಞಾನಿ ಈ ತತ್ತ್ವದ ಮೇಲೆ ಮೂಳೆಯನ್ನೂ ಮೆತ್ತಗೆ ಬೇಯಿಸುವ ಪಾತ್ರೆಯನ್ನು ಮಾಡಿದನು. ನಮ್ಮ ಮನೆಗಳ ಕುಕ್ಕರು ಅದರ ವಂಶದ್ದೇ. ವ್ಯಾನಿನ ಮುಚ್ಚಳದ ಮೇಲೆ 0.9 ಎಂದು ಬರೆದಿದ್ದರೆ, ಹೊರಗಿನ ಒತ್ತಡಕ್ಕಿಂತ 0.9 ಬಾರ್ ಹೆಚ್ಚಾಗುವವರೆಗೆ ಅದು ತಡೆದು ನಿಲ್ಲುತ್ತದೆಂದು ಅರ್ಥ. ಆಗ ಉದಕಮಂಡಲದಲ್ಲಿಯೂ ಬರಿಯ ನೀರು ಸುಮಾರು 115 ಡಿಗ್ರಿಯವರೆಗೆ ಕುದಿಯದು.

ಮುಚ್ಚಳವನ್ನು ತಿರುವಿಹಾಕಿ ನೋಡಿದರೆ ಒಂದು ದೊಡ್ಡ ಸ್ಪ್ರಿಂಗೂ ರಬ್ಬರಿನ ಬಳೆಯೂ, ನಟ್ಟನಡುವೆ ಒಂದು ಪುಟ್ಟ ಕವಾಟವೂ ಕಾಣುತ್ತವೆ. ಒತ್ತಡ ಮಿತಿ ಮೀರಿದಾಗ ಸ್ಪ್ರಿಂಗು ಮೇಲಕ್ಕೆದ್ದು, ಹೆಚ್ಚಾದ ನೀರನ್ನು ಪಕ್ಕದ ಬಾಟಲಿಗೆ ಬಿಡುತ್ತದೆ. ಇಂಜಿನು ಆರಿದಾಗ ನೀರು ಕುಗ್ಗಿ ಒಳಗೆ ನಿರ್ವಾತವುಂಟಾಗುತ್ತದೆ. ಆಗ ಪುಟ್ಟ ಕವಾಟ ತೆರೆದು, ಹೋದ ನೀರನ್ನು ಹಿಂದಕ್ಕೆಳೆದುಕೊಳ್ಳುತ್ತದೆ.

ದೋಷಗಳೂ ಇವುಗಳಿಂದಲೇ ಹುಟ್ಟುತ್ತವೆ. ದೊಡ್ಡ ಸ್ಪ್ರಿಂಗು ಸಡಿಲಿದರೆ ಅಥವಾ ರಬ್ಬರು ಸೀಳಿದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಬಾಟಲಿಯಿಂದ ಹೊರಚೆಲ್ಲುತ್ತದೆ. ಸ್ಪ್ರಿಂಗು ತುಕ್ಕಿನಿಂದ ಹಿಡಿದುಕೊಂಡರೆ ರಬ್ಬರು ಕೊಳವೆಯೇ ಒಡೆಯಬಹುದು. ಪುಟ್ಟ ಕವಾಟ ಕಟ್ಟಿಕೊಂಡರೆ, ತಣ್ಣಗಾದ ಇಂಜಿನಿನ ಕೊಳವೆ ಒಳಕ್ಕೆ ಚಪ್ಪಟೆಯಾಗಿರುವುದನ್ನು ಕಣ್ಣಾರೆ ಕಾಣಬಹುದು. ಆದುದರಿಂದ ಆಗಾಗ, ಇಂಜಿನು ಪೂರ್ತಿ ಆರಿದ ಮೇಲೆ, ಮುಚ್ಚಳವನ್ನು ತೆಗೆದು ರಬ್ಬರನ್ನು ನೋಡಬೇಕು. ಅದು ಕೂರುವ ಕಂಠವನ್ನು ಬಟ್ಟೆಯಿಂದ ಒರಸಬೇಕು. ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ನೋಡಬೇಕು. ಒತ್ತಡವನ್ನು ಅಳೆಯುವ ಕೈಪಂಪು ಕೆಲವು ಗ್ಯಾರೇಜುಗಳಲ್ಲಿರುತ್ತದೆ; ಅದರ ತೀರ್ಪು ಬೆರಳಿನ ತೀರ್ಪಿಗಿಂತ ನಂಬತಕ್ಕದ್ದು. ಗಡಸು ನೀರು ತುಂಬಿದರೆ ಉಪ್ಪು ಕಟ್ಟಿಕೊಳ್ಳುವುದರಿಂದ, ತಯಾರಕರು ಹೇಳಿದ ಕೂಲಂಟನ್ನೇ ಬಳಸುವುದು ಮೇಲು.

ಮುಚ್ಚಳವನ್ನು ಬದಲಾಯಿಸುವಾಗ ಅಂಗಡಿಯಲ್ಲಿ ಬಾಯಿಗೆ ಸರಿಹೊಂದಿದರೆ ಸಾಕೆನ್ನಬಾರದು. ಹಳೆಯದರ ಮೇಲಿನ ಅಂಕಿಯೂ ಹೊಸದರ ಮೇಲಿನ ಅಂಕಿಯೂ ಒಂದೇ ಇರಬೇಕು. ಸ್ಪ್ರಿಂಗಿನ ಉದ್ದವೂ ಒಂದೇ ಇರಬೇಕು. ಹಳೆಯದೇ ತಪ್ಪಾಗಿದ್ದೀತೆಂಬ ಶಂಕೆಯಿದ್ದರೆ ವಾಹನದ ಕೈಪಿಡಿಯನ್ನು ನೋಡುವುದು. ಹೆಚ್ಚಿನ ಅಂಕಿಯದು ಹೆಚ್ಚು ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಒತ್ತಡವನ್ನು ತಾಳಬೇಕಾದವು ಹಳೆಯ ಕೊಳವೆಗಳೂ ಬೆಸುಗೆಗಳೂ ಅಲ್ಲವೇ? ಮುಚ್ಚಳದ ಬೆಲೆ ಕೆಲವು ನೂರು ರೂಪಾಯಿ. ಅದನ್ನು ಉಳಿಸಹೋಗಿ ಸಿಲಿಂಡರಿನ ತಲೆ ಸೊಟ್ಟಗಾದರೆ ಸಾವಿರಗಳನ್ನು ತೆರಬೇಕಾಗುತ್ತದೆ.

ಕಡೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ದಾರಿಯಲ್ಲಿ ಇಂಜಿನು ಕಾದು ನಿಂತಾಗ, ನೀರಿದೆಯೇ ಎಂದು ನೋಡುವ ಆತುರದಿಂದ ಮುಚ್ಚಳವನ್ನು ತಿರುಗಿಸಬೇಡಿ. ಒಳಗೆ 110 ಡಿಗ್ರಿಯ ನೀರು ಒತ್ತಡವೊಂದರಿಂದಲೇ ಕುದಿಯದೆ ಸುಮ್ಮನಿರುತ್ತದೆ. ಆ ಒತ್ತಡ ಹೋದೊಡನೆ ಅದು ಒಮ್ಮೆಗೇ ಕುದಿದೇಳುತ್ತದೆ. ನೀರು ಆವಿಯಾದಾಗ ಸುಮಾರು 1,600 ಪಾಲು ಹಿಗ್ಗುವುದರಿಂದ, ಬಿಸಿನೀರು ಚಿಲುಮೆಯಂತೆ ಚಿಮ್ಮಿ ಬಗ್ಗಿದವರ ಮುಖಕ್ಕೇ ಬಡಿಯುತ್ತದೆ. ಮುಂದಿನ ಆಸನದ ಕೆಳಗೇ ಇಂಜಿನಿರುವ ವ್ಯಾನುಗಳಲ್ಲಿ ಜಾಗ ಇಕ್ಕಟ್ಟಾದುದರಿಂದ ಹಿಂದಕ್ಕೆ ಸರಿಯುವುದೂ ಕಷ್ಟ. ಕೈಯಲ್ಲಿ ಹಿಡಿದ ಬಟ್ಟೆ ಇದಕ್ಕೆ ತಕ್ಕ ರಕ್ಷೆಯಲ್ಲ. ಇಂಜಿನನ್ನು ನಿಲ್ಲಿಸಿ, ಮೇಲಿನ ಕೊಳವೆಯನ್ನು ಬರಿಗೈಯಿಂದ ಹಿಡಿಯುವಷ್ಟು ಆರುವವರೆಗೆ ಕಾಯಿರಿ. ಅರ್ಧ ಗಂಟೆಗೂ ಹೆಚ್ಚಾದರೆ ಆಗಲಿ. ಆಮೇಲೆ ಮೊದಲನೆಯ ತಡೆಯವರೆಗೆ ಮಾತ್ರ ನಿಧಾನವಾಗಿ ತಿರುಗಿಸಿ, ಸದ್ದು ಪೂರ್ತಿ ನಿಂತ ಮೇಲೆ ತೆಗೆಯಿರಿ. ಕಾದ ಇಂಜಿನಿಗೆ ತಣ್ಣೀರನ್ನು ಸುರಿಯಬೇಡಿ, ಲೋಹ ಬಿರಿಯಬಹುದು.

ಘಾಟಿಯ ದಾರಿಯಲ್ಲಿ ಹೊತ್ತು ಮೀರಿದ ಪ್ರಯಾಣಿಕರು ಡ್ರೈವರನ್ನು ಅವಸರಪಡಿಸುವುದು ಸಹಜ. ಅಂಥ ಸಮಯದಲ್ಲಿ ವಿದ್ಯಾವಂತರಾದ ನೀವು ಅವಸರಪಡಿಸುವವರ ಗುಂಪಿಗೆ ಸೇರದೆ, "ಆರಲಿ, ಕಾಯೋಣ" ಎಂದರೆ ಒಬ್ಬನ ಕಣ್ಣು ಉಳಿದೀತು.