ಕನ್ನಡಕ್ಕೆ ಕಾಯುವುದನ್ನು ಯಂತ್ರಕ್ಕೆ ಕಲಿಸಿ
(ಯುವಕರ ಸಭೆಯಲ್ಲಿ ಆಡಿದ ಮಾತುಗಳು)



ಅಂಗಡಿಯ ನಾಮಫಲಕದಲ್ಲಿ ಕನ್ನಡವಿಲ್ಲದಿದ್ದರೆ ನಾವು ಕೇಳುತ್ತೇವೆ. ಕಂಪ್ಯೂಟರಿನ ಒಳಗೆ ಕನ್ನಡವನ್ನು ಸದ್ದಿಲ್ಲದೆ ಬದಿಗೆ ತಳ್ಳಿದರೆ ಕೇಳುವವರು ಯಾರು? ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ದುಡಿಯುವ ನೀವೇ ಕೇಳಬೇಕು.

ನಾನು ದುಡಿದ ಕಡೆ ನಡೆದದ್ದನ್ನೇ ಹೇಳುತ್ತೇನೆ. ವೆಬ್‌ಸೈಟಿನಲ್ಲಿ 'ಕನ್ನಡ' ಎಂಬ ಗುಂಡಿ. ಸೆಲೆನಿಯಂ ಅದನ್ನು ಒತ್ತಿ, ತಕ್ಷಣವೇ ಪುಟ ಓದುತ್ತಿತ್ತು. ಇವತ್ತು ಪಾಸು, ನಾಳೆ ಫೇಲು. 'ಕನ್ನಡದ ಟೆಸ್ಟೇ ಸರಿಯಿಲ್ಲ, ತೆಗೆದುಬಿಡಿ' ಎಂದರು ಮೇಲಿನವರು. ತೆಗೆದೆವು. ಮುಂದೆ ಕನ್ನಡ ಪುಟ ನಿಜವಾಗಿಯೇ ಕೆಟ್ಟಾಗ ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ!

ತಪ್ಪು ಕನ್ನಡದ್ದೇ? ಖಂಡಿತ ಅಲ್ಲ. ಕಾಯಲು ಬಾರದ ಟೆಸ್ಟಿನದು. ಆ ಗುಂಡಿ ಒತ್ತಿದರೆ ಹೊಸ ಪುಟ ಬರುತ್ತಿರಲಿಲ್ಲ. ಜಾವಾಸ್ಕ್ರಿಪ್ಟ್ ಸರ್ವರಿನಿಂದ ಕನ್ನಡ ಪದಗಳನ್ನು ತಂದು ಇಂಗ್ಲಿಷಿನ ಜಾಗದಲ್ಲಿ ಕೂರಿಸುತ್ತಿತ್ತು. ಹೊಸ ಪುಟ ತೆರೆದಾಗ ಅದರ ಲೋಡ್ ಮುಗಿಯಲೆಂದು ಸೆಲೆನಿಯಂ ಕಾಯುತ್ತದೆ; ಅದಕ್ಕೆ 300 ಸೆಕೆಂಡಿನ ಗಡುವೂ ಇದೆ. ಆದರೆ ಆಮೇಲೆ ಸ್ಕ್ರಿಪ್ಟ್ ತರುವುದಕ್ಕೆ ತಾನಾಗಿ ಕಾಯುವುದಿಲ್ಲ.

'5 ಸೆಕೆಂಡ್ ಸ್ಲೀಪ್ ಹಾಕಿದರಾಯಿತು' ಎನ್ನುವವರಿದ್ದಾರೆ. ಪದಗಳು 1 ಸೆಕೆಂಡಿಗೆ ಬಂದರೆ 4 ಸೆಕೆಂಡು ದಂಡ. 6 ಸೆಕೆಂಡು ಹಿಡಿದರೆ ಮತ್ತೆ ಫೇಲು. ಇಂಥ 200 ಸ್ಲೀಪ್ ಸೇರಿದರೆ 1000 ಸೆಕೆಂಡು, ಅಂದರೆ 16 ನಿಮಿಷಕ್ಕೂ ಹೆಚ್ಚು!

ಬಸ್‌ಸ್ಟಾಪಿನಲ್ಲಿ ಕಣ್ಣುಮುಚ್ಚಿ ಎಣಿಸಿ, ಎದುರಿಗೆ ಬಂದ ಬಸ್ ಹತ್ತುತ್ತೇವೆಯೇ? ಬೋರ್ಡು ನೋಡಿ ಹತ್ತುತ್ತೇವೆ. ಎಕ್ಸ್‌ಪ್ಲಿಸಿಟ್ ವೇಟ್ ಎಂದರೆ ಅದೇ. 'ತಲೆಬರಹದಲ್ಲಿ ಈ ಕನ್ನಡ ಪದ ಕಾಣುವವರೆಗೆ ಕಾಯಿ, ಗಡುವು 10 ಸೆಕೆಂಡು' ಎಂದು ಬರೆಯಿರಿ. ಅದು ಅರ್ಧ ಸೆಕೆಂಡಿಗೊಮ್ಮೆ ನೋಡುತ್ತದೆ, ಕಂಡೊಡನೆ ಮುಂದೆ ಹೋಗುತ್ತದೆ. ಇದರ ಜೊತೆ ಇಂಪ್ಲಿಸಿಟ್ ವೇಟ್ ಬೆರೆಸಬೇಡಿ, ಗಡುವಿನ ಲೆಕ್ಕ ತಪ್ಪುತ್ತದೆ. ಪರದೆಯ ಚಿತ್ರ ತೆಗೆದು ಹೋಲಿಸುವವರು ಕನ್ನಡ ಫಾಂಟ್ ಲೋಡ್ ಆಗುವುದಕ್ಕೂ ಕಾಯಲಿ.

ಗಡುವು ಮುಗಿದರೂ ಕನ್ನಡ ಬರಲಿಲ್ಲವೇ? ಟೆಸ್ಟ್ ಅಳಿಸಬೇಡಿ. ಕಾರಣ ಹುಡುಕಿ, ಪುಟದ್ದೇ ದೋಷವಾದರೆ ಬಗ್ ಎಂದು ದಾಖಲಿಸಿ, ಸರಿಯಾಗುವವರೆಗೆ ಬೆನ್ನು ಬಿಡಬೇಡಿ. ಬೀದಿಯಲ್ಲಿ ಕೂಗುವ ಗಂಟಲು ಬೇಕು, ನಿಜ. ಆಫೀಸಿನಲ್ಲಿ ಕುಳಿತು ಆ ಒಂದು ಸಾಲು ಸರಿಯಾಗಿ ಬರೆಯುವ ಕೈಯೂ ಬೇಕು. ನಾಳೆ ಬೆಳಿಗ್ಗೆ ನಿಮ್ಮ ಆಫೀಸಿನಲ್ಲಿ ಕೈಬಿಟ್ಟ ಕನ್ನಡದ ಟೆಸ್ಟ್‌ಗಳೆಷ್ಟು, ಮೊದಲು ಎಣಿಸಿ.

ಜೈ ಕರ್ನಾಟಕ!