ಕೌದಿಯ ಹೊಟ್ಟೆ ತುಂಬಲಿ
(ಡ್ಯಾನ್‌ವಿಲ್‌ನ ವಾರ್ಷಿಕ ಸಹಾಯನಿಧಿ ಸಮಾರಂಭದಲ್ಲಿ ಮಾಡಿದ ಭಾಷಣ)



ಇಲ್ಲಿ ಮಾರಾಟಕ್ಕಿಟ್ಟಿರುವ ಕೌದಿಗಳನ್ನು ನೋಡಿ ಕೆಲವರು, "ಹಳೇ ಬಟ್ಟೆ ತಾನೇ, ಇಷ್ಟೊಂದು ಬೆಲೆ ಯಾಕೆ?" ಎಂದು ಕೇಳಿದಿರಿ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹೇಳುವುದಷ್ಟೇ ಇಂದು ನನ್ನ ಕೆಲಸ.

ಉತ್ತರ ಕರ್ನಾಟಕದವರಿಗೆ ಕೌದಿಯ ಪರಿಚಯ ಹೇಳಬೇಕಾಗಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದಲೇ ಸಾಲು ಸಾಲಾಗಿ ಹೊಲಿದರೆ ಕೌದಿಯಾಯಿತು. ಹಾಸಲೂ ಅದೇ, ಹೊದೆಯಲೂ ಅದೇ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಯದು ಬೇರೆಯೇ ಸೊಗಸು. ಸಿದ್ದಿಗಳ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ನಮ್ಮ ಮಲೆನಾಡಿನ ಕಾಡು ಸೇರಿದರು. ಸಿದ್ದಿ ಮಹಿಳೆಯರು ಒಂದು ಹಳೆಯ ಸೀರೆಯನ್ನು ಹಾಸಿಕೊಂಡು ಅಂಚಿನಿಂದ ಹೊಲಿಗೆ ಶುರುಮಾಡುತ್ತಾರೆ. ತುಂಡುಗಳನ್ನು ಜೋಡಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂವು. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮುನ್ನ ಒಳಗೆ ನಾಲ್ಕು ಅಕ್ಕಿಕಾಳು ಹಾಕುವ ರೂಢಿಯುಂಟು. ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂಬ ಭಾವನೆ!

ಅಮೆರಿಕದಲ್ಲೂ ಬಡತನ ಇಂಥದೇ ಒಂದು ವಿದ್ಯೆಯನ್ನು ಬೆಳೆಸಿತು. ಅದೇ ಸ್ಟ್ರಿಂಗ್ ಕ್ವಿಲ್ಟ್. ಬೇರಾವುದಕ್ಕೂ ಬಾರದ ಕಿರಿದಾದ ಪಟ್ಟಿಗಳೇ ಇದರ ಬಂಡವಾಳ. ಹಳೆಯ ಪತ್ರಿಕೆಯ ಚೌಕದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಇಡಿ. ಅದರ ಮೇಲೆ ಇನ್ನೊಂದನ್ನು ಬೋರಲಾಗಿಟ್ಟು, ಅಂಚಿಗೆ ಹೊಲಿದು ಮಗುಚಿ. ಹೀಗೆ ಚೌಕ ತುಂಬಿದ ಮೇಲೆ ಅಂಚು ಕತ್ತರಿಸಿ ಕಾಗದ ಹರಿದು ತೆಗೆಯಿರಿ. ಇಂಥ ಹತ್ತಾರು ಚೌಕ ಸೇರಿದರೆ ಒಂದು ಕ್ವಿಲ್ಟ್.

ಓಕ್‌ಲ್ಯಾಂಡ್‌ನ ಎಲೈ ಲಿಯಾನ್ ಎಂಬುವರು ಆಫ್ರಿಕನ್ ಅಮೆರಿಕನ್ ಮಹಿಳೆಯರು ಹೊಲಿದ ಕ್ವಿಲ್ಟ್‌ಗಳನ್ನು ದಶಕಗಳ ಕಾಲ ಸಂಗ್ರಹಿಸಿದರು. 2018ರಲ್ಲಿ ಅವರು ತೀರಿಕೊಂಡಾಗ, ಸುಮಾರು 3,000 ಕ್ವಿಲ್ಟ್‌ಗಳು ಬರ್ಕ್ಲಿಯ ಕಲಾ ಸಂಗ್ರಹಾಲಯಕ್ಕೆ ಸೇರಿದವು. ನಮ್ಮ ಸಿದ್ದಿ ಕೌದಿಗಳೂ 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದ ಗೋಡೆ ಏರಿದವು. ಗೋಡೆಯ ಮೇಲೆ ತೂಗಿದಾಗ ಕಲೆ ಎನ್ನುತ್ತೇವೆ. ಹೊಲಿದವಳು ಕೂಲಿ ಕೇಳಿದಾಗ ಮಾತ್ರ ಹಳೇ ಬಟ್ಟೆ ಎನ್ನಬಹುದೇ?

ಊರಿಗೆ ಹೋಗುವಾಗ ಸೂಟ್‌ಕೇಸಿನ ತುಂಬ ಹಳೆಯ ಬಟ್ಟೆ ಒಯ್ದು ಹಂಚುವವರಿದ್ದೇವೆ. ಒಳ್ಳೆಯ ಮನಸ್ಸೇ ಸರಿ. ಆದರೆ ಹಳೆಯ ಬಟ್ಟೆಗೆ ಅಲ್ಲಿಯೂ ಬರವಿಲ್ಲ. ಬರವಿರುವುದು ದುಡಿಮೆಗೆ ಸಿಗುವ ಬೆಲೆಗೆ. ಕೈಹೊಲಿಗೆಯ ದೊಡ್ಡ ಕೌದಿ ಒಂದೆರಡು ದಿನದಲ್ಲಿ ಮುಗಿಯುವಂಥದ್ದಲ್ಲ. ಹೊಲ, ಒಲೆ, ಮಕ್ಕಳು ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಆಗುವ ಕೆಲಸ.

ನಿಮ್ಮಲ್ಲಿ ನನ್ನದು ಎರಡೇ ಕೋರಿಕೆ. ಮನೆಯಲ್ಲಿರುವ ರವಿಕೆಯ ಚೂರುಗಳನ್ನು ತೆಗೆದು, ಮಕ್ಕಳನ್ನು ಕೂರಿಸಿಕೊಂಡು ಒಂದೇ ಒಂದು ಚೌಕ ಹೊಲಿದು ನೋಡಿ. ಬೆರಳಿಗೆ ಸೂಜಿ ಚುಚ್ಚಿದಾಗ ಬೆಲೆಯ ಲೆಕ್ಕ ತಾನಾಗಿ ಅರ್ಥವಾಗುತ್ತದೆ. ಎರಡನೆಯದು, ಈ ಸಂಜೆ ಕೌದಿ ಕೊಳ್ಳುವವರು ದಯವಿಟ್ಟು ಚೌಕಾಸಿ ಮಾಡಬೇಡಿ. ಕೌದಿಯ ಹೊಟ್ಟೆಗೆ ಅಕ್ಕಿ ಹಾಕುವ ಕೈಗಳ ಮನೆಯಲ್ಲೂ ಅಕ್ಕಿ ಇರಬೇಕಲ್ಲವೇ?