ಹಾಳೆಗಿಂತ ಮೊದಲು ನೆಲ



ಭದ್ರಾ ಜಲಾಶಯ ಇರುವುದು ಇದೇ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಹಾಗಿದ್ದೂ ಕಡೂರು, ಅಜ್ಜಂಪುರದ ಕಡೆ ಹೊರಟರೆ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹೊಡೆಸಿ ತೋಟ ಉಳಿಸಿಕೊಳ್ಳುವವರು ಸಿಗುತ್ತಾರೆ. 2014-15ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯಿಂದ ಕೃಷಿ ಹೊಂಡ, ಪಾಲಿಥಿನ್ ಹೊದಿಕೆ ಎರಡೂ ಇಲ್ಲಿ ಮನೆಮಾತಾದವು. 21 ಮೀಟರ್ ಉದ್ದಗಲ, 3 ಮೀಟರ್ ಆಳ, ಒಂದಕ್ಕೊಂದು ಇಳಿಜಾರು ಇರುವ ಹೊಂಡ ತುಂಬಿದರೆ ಸುಮಾರು 9.8 ಲಕ್ಷ ಲೀಟರ್. ಅಷ್ಟೂ ನೀರನ್ನು ತಡೆದಿರುವುದು 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ದಪ್ಪದ ಹಾಳೆ.

ಹಾಳೆ ತೂತಾದರೆ ಬೈಗುಳ ತಿನ್ನುವುದು ಕಂಪನಿ. ನಾನು ಕಂಡಂತೆ ತಪ್ಪು ಹೆಚ್ಚಾಗಿ ಹಾಳೆಯ ಅಡಿಯಲ್ಲಿರುತ್ತದೆ: ಜೆಸಿಬಿ ಹಲ್ಲು ಎಬ್ಬಿಸಿಟ್ಟ ಗರಸು, ತುಂಡಾದ ಜಾಲಿ ಬೇರಿನ ಮೊನೆ. ಮೂರು ಮೀಟರ್ ನೀರು ತಳದ ಪ್ರತಿ ಚದರ ಮೀಟರಿಗೆ ಮೂರು ಟನ್ ಭಾರ ಹೇರಿ ಹಾಳೆಯನ್ನು ಆ ಮೊನೆಗೆ ಒತ್ತುತ್ತದೆ. ಕಲ್ಲು ಆಯ್ದು, ಬೇರು ಸವರಿ, ಜರಡಿ ಹಿಡಿದ ಮಣ್ಣು ಹರವಿ ದಮ್ಮಸು ಮಾಡಲು ಹಿಡಿಯುವುದು ಒಂದೆರಡು ದಿನ. "ಹಾಳೆ ಹಾಸೋದೇನು ಮಹಾ, ನಾಲ್ಕು ಆಳು ಸಾಕು" ಎನ್ನುವವರು ಉಳಿಸುವುದು ಆ ಕೂಲಿಯನ್ನೇ.

ಇನ್ನು ಅಳತೆ. ಮೇಲಿನ 21 ಮೀಟರನ್ನಷ್ಟೇ ನೋಡಿ ಹಾಳೆ ತರಿಸಿದರೆ ಕೆಲಸ ಕೆಟ್ಟಂತೆಯೇ. ತಳ 15 ಮೀಟರ್, ಎರಡೂ ಇಳಿಜಾರು ತಲಾ 4.24, ದಂಡೆಯ ಮೇಲೆ ಟ್ರೆಂಚ್ ತೆಗೆದು ಅಂಚು ಹೂಳಲು ಆಚೀಚೆ ತಲಾ ಒಂದು ಮೀಟರ್. ಬೇಕಾದದ್ದು 25.5 ಮೀಟರ್. ಗಿಡ್ಡ ಬಿದ್ದ ಹಾಳೆಯನ್ನು ಎಳೆದೆಳೆದು ದಂಡೆ ಮುಟ್ಟಿಸಿದರೆ ಅದು ಮೂಲೆಗಳಲ್ಲಿ ನೆಲ ತಾಗದೆ ತೊಟ್ಟಿಲಿನಂತೆ ತೂಗುತ್ತದೆ. ನೀರು ಏರಿದಾಗ ಬೆಸುಗೆ ಬಿಡುತ್ತದೆ. ಉರಿಬಿಸಿಲಲ್ಲಿ ಹಿಗ್ಗಿದ ಹಾಳೆಯನ್ನು ಬಿಗಿಯಾಗಿ ಹೂತರೂ ಇದೇ ಗತಿ, ಇರುಳಿನ ತಂಪಿಗೆ ಕುಗ್ಗಿ ಅಂಚು ಕೀಳುತ್ತದೆ. ಬೆಳಗಿನ ತಂಪಿನಲ್ಲಿ, ಸ್ವಲ್ಪ ಸಡಿಲ ಬಿಟ್ಟು ಹಾಸಬೇಕು.  

ಇದೇ ತಾಲ್ಲೂಕಿನಲ್ಲಿರುವ 1196ರ ಅಮೃತೇಶ್ವರ ದೇವಾಲಯ ನೋಡಲು ಬಂದವರು ಶಿಲ್ಪಿ ಮಲ್ಲಿತಮ್ಮನ ಹೆಸರು ಕೇಳುತ್ತಾರೆ, ಕಲ್ಲು ಪೂರೈಸಿದವನನ್ನಲ್ಲ. ನಮ್ಮ ಹೊಂಡದ ಬಿಲ್ಲುಗಳದ್ದು ತಿರುಗುಮುರುಗು ಲೆಕ್ಕ: ಹಾಳೆಯ ಚದರ ಮೀಟರಿಗೆ ದುಡ್ಡುಂಟು, ನೆಲ ಹದಮಾಡಿದ ಕೈಗೆ ಕಾಲಮ್ಮೇ ಇಲ್ಲ.

ಜೀವದ ಮಾತೂ ಇದೆ. ನೆನೆದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಈಜು ಬಲ್ಲವನಿಗೂ ಮೇಲೇರಲು ಕಾಲು ನಿಲ್ಲುವುದಿಲ್ಲ. ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇಲ್ಲದ ಹೊಂಡವನ್ನು ಮುಗಿದ ಕಾಮಗಾರಿ ಎಂದು ಬರೆಯಬೇಡಿ.

ಇಂದಿನ ಗೋಷ್ಠಿಗಳಲ್ಲಿ ಮೈಕ್ರಾನ್, ದರಪಟ್ಟಿ, ಹಾಳೆಯ ಐಎಸ್ 15351 ಮಾನದಂಡ ಎಲ್ಲವೂ ಚರ್ಚೆಯಾಗಲಿ. ಸಹಿ ಹಾಕುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಒಂದೇ: ಹಾಳೆ ಹಾಸುವ ಹಿಂದಿನ ದಿನ ಬನ್ನಿ, ಹೊಂಡಕ್ಕಿಳಿದು ಬರಿಗಾಲಲ್ಲಿ ಒಂದು ಸುತ್ತು ನಡೆಯಿರಿ. ಕಾಲಿಗೆ ಏನಾದರೂ ಚುಚ್ಚಿದರೆ ಅಂದು ಸಹಿ ಹಾಕಬೇಡಿ.